ಉಬ್ಬಿದ ಚೀಸ್ ಬಾಯಿಗಿಡಬೇಡಿ. ರೆನ್ನೆಟ್ ಹಾಕುವ ಮೊದಲು ಹಾಲಿಗೆ ಹೆಪ್ಪು ಹಾಕಿ ನೋಡಿ

ದಾವಣಗೆರೆಯ ಒಂದು ಮನೆಯಲ್ಲಿ ಏಪ್ರಿಲ್ ಬಿಸಿಲಲ್ಲಿ ನಡೆದದ್ದು. ವರ್ತನೆ ಹಾಲಿನವರಿಂದ ಆಗಷ್ಟೇ ಕರೆದ 10 ಲೀಟರ್ ಹಸುವಿನ ಹಾಲು ತರಿಸಿ ಮೊಝರೆಲ್ಲಾ ಮಾಡಲು ಹೊರಟರು. ಹಸಿ ಹಾಲಾದರೆ ಗಡ್ಡೆ ಚೆನ್ನಾಗಿ ಕಟ್ಟುತ್ತದೆ ಎಂದು ಯಾವುದೋ ವಿಡಿಯೊದಲ್ಲಿ ಹೇಳಿದ್ದರಿಂದ ಹಾಲನ್ನು ಕಾಯಿಸಲೇ ಇಲ್ಲ. 32 ಡಿಗ್ರಿಗೆ ಬೆಚ್ಚಗೆ ಮಾಡಿ ಕಲ್ಚರ್ (ಹುಳಿ ಬರಿಸುವ ಬ್ಯಾಕ್ಟೀರಿಯಾದ ಹೆಪ್ಪು) ಹಾಕಿದರು, ಆಮೇಲೆ ಹಾಲನ್ನು ಗಡ್ಡೆ ಕಟ್ಟಿಸುವ ರೆನ್ನೆಟ್ ಹಾಕಿದರು. ಗಡ್ಡೆ ಕಟ್ಟಿತು, ಆದರೆ ಹುಳಿ ಬರಲಿಲ್ಲ. ಸಂಜೆಯಾದರೂ ಬಿಸಿ ನೀರಿಗೆ ಹಾಕಿದ ತುಂಡು ಎಳೆಯಾಗದೆ ಮುರಿದು ಬೀಳುತ್ತಿತ್ತು. ಬೆಳಗಿನ ತನಕ ಬಿಟ್ಟರೆ ಹುಳಿ ಬಂದೀತೆಂದು ಬಟ್ಟೆಯಲ್ಲಿ ಗಂಟು ಕಟ್ಟಿ ಅಡುಗೆಮನೆಯಲ್ಲೇ ನೇತುಹಾಕಿದರು.

ಬೆಳಿಗ್ಗೆ ಗಂಟು ಬಿಗಿಯಾಗಿ ಉಬ್ಬಿತ್ತು. ಕೊಯ್ದರೆ ಒಳಗೆಲ್ಲ ಸಾಸಿವೆ ಕಾಳಿನಷ್ಟು ಸಣ್ಣ ತೂತು. ಬೆರಳಲ್ಲಿ ಒತ್ತಿದರೆ ಕುಗ್ಗಿ ಮತ್ತೆ ಏಳುತ್ತಿತ್ತು, ಮೂಗಿಗೆ ಕೊಟ್ಟಿಗೆಯ ವಾಸನೆ ಹೊಡೆಯುತ್ತಿತ್ತು. ಚೀಸ್ ಅಂದಮೇಲೆ ತೂತು ಇರುತ್ತದಲ್ಲ ಎಂದುಕೊಂಡು ತುರಿದು, ಪಿಜ್ಜಾ ಮೇಲೆ ಹಾಕಿ ಬೇಯಿಸಿ, ಮಕ್ಕಳಿಗೂ ಕೊಟ್ಟರು. ಮೂರು ಗಂಟೆಯೊಳಗೆ ಮೂವರಿಗೆ ವಾಂತಿ, ಹಿಂದೆಯೇ ಭೇದಿ. ಚಿಕ್ಕ ಮಗುವಿಗೆ ಆಸ್ಪತ್ರೆಯಲ್ಲಿ ಗ್ಲೂಕೋಸ್ ಹಾಕಿಸಬೇಕಾಯಿತು.

ಆಮೇಲೆ ಹಾಲಿನವರನ್ನು ಕೇಳಿದಾಗ ಅವರು ಏನೂ ಮುಚ್ಚಿಡಲಿಲ್ಲ: "ಹೌದ್ರೀ ಅಕ್ಕಾರ, ಕೆಚ್ಚಲು ಬಾವು ಆಗಿತ್ತು, ಮೊನ್ನೆ ಟ್ಯೂಬ್ ಏರಿಸಿದ್ರು. ಕಾಯಿಸಿದ್ರ ಎಲ್ಲಾ ಹೋಗ್ತೈತಲ್ರೀ."

ಹೋಗುವುದಿಲ್ಲ. ಕೆಚ್ಚಲು ಬಾವಿಗೆ ಮೊಲೆಯೊಳಗೆ ಏರಿಸುವ ಟ್ಯೂಬಿನಲ್ಲಿರುವುದು ಆ್ಯಂಟಿಬಯೋಟಿಕ್. ಮನೆಯಲ್ಲಿ ಹಾಲು ಉಕ್ಕಿಸಿದ ಮಾತ್ರಕ್ಕೆ ಅದು ಪೂರ್ತಿ ನಾಶವಾಗುವುದಿಲ್ಲ. ಕೊನೆಯ ಟ್ಯೂಬ್ ಹಾಕಿದ ಮೇಲೆ ಎಷ್ಟು ದಿನದ ಹಾಲನ್ನು ಬಳಸಬಾರದು ಎಂಬುದು ಔಷಧದ ಪೊಟ್ಟಣದ ಮೇಲೆಯೇ ಇರುತ್ತದೆ, ಔಷಧದಿಂದ ಔಷಧಕ್ಕೆ ಅದು ಬದಲಾಗುತ್ತದೆ. ಒಂದು ಮೊಲೆಗೆ ಮಾತ್ರ ಹಾಕಿಸಿದ್ದರೂ ನಾಲ್ಕೂ ಮೊಲೆಯ ಹಾಲನ್ನು ಬಿಡಬೇಕು.

ಈ ಮನೆಯಲ್ಲಿ ಆದದ್ದರ ಎಳೆ ಹಿಡಿದು ನೋಡಿ. ಆ್ಯಂಟಿಬಯೋಟಿಕ್ ಉಳಿದ ಹಾಲಿನಲ್ಲಿ ಮೊದಲು ಸಾಯುವುದು ನಾವು ಹಾಕಿದ ಕಲ್ಚರಿನ ಒಳ್ಳೆಯ ಬ್ಯಾಕ್ಟೀರಿಯಾ. ರೆನ್ನೆಟ್ ಕಿಣ್ವವಾದ್ದರಿಂದ ಅದಕ್ಕೇನೂ ಆಗುವುದಿಲ್ಲ, ಗಡ್ಡೆ ಎಂದಿನಂತೆ ಕಟ್ಟುತ್ತದೆ. ಮೋಸ ಹೋಗುವುದು ಇಲ್ಲೇ. ಸಗಣಿ, ಕೈ, ಪಾತ್ರೆಯಿಂದ ಹಾಲಿಗೆ ಸೇರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳಲ್ಲಿ ಹಲವು ಆ ಔಷಧಕ್ಕೆ ಜಗ್ಗುವುದಿಲ್ಲ. ಹುಳಿಯೂ ಇಲ್ಲ, ಪೈಪೋಟಿಯೂ ಇಲ್ಲ, ಮೇಲೆ ದಾವಣಗೆರೆಯ ಬೇಸಿಗೆ ರಾತ್ರಿಯ ಸೆಕೆ. ಹಾಲಿನ ಸಕ್ಕರೆ ತಿಂದು ಗ್ಯಾಸ್ ಬಿಡುತ್ತವೆ, ಗಂಟು ಉಬ್ಬುತ್ತದೆ. ಸ್ವಿಸ್ ಚೀಸಿನ ದೊಡ್ಡ ತೂತುಗಳನ್ನು ಮಾಡುವುದು ಬೇರೆಯೇ ಬ್ಯಾಕ್ಟೀರಿಯಾ, ಅದಕ್ಕೆ ವಾರಗಟ್ಟಲೆ ಬೇಕು. ಒಂದೇ ರಾತ್ರಿಯಲ್ಲಿ ಬಂದ ತೂತು ಹಾಳಾದದ್ದರ ಗುರುತು, ಬೇರೇನೂ ಅಲ್ಲ.

ಬೇಯಿಸಿ ತಿಂದರೂ ವಾಂತಿ ಏಕಾಯಿತು? ಬಾವು ಬಂದ ಕೆಚ್ಚಲಿನ ಹಾಲಿನಲ್ಲಿ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಬೆಚ್ಚಗಿನ ಜಾಗದಲ್ಲಿ, ಹುಳಿ ಬಾರದ ಗಡ್ಡೆಯಲ್ಲಿ, ಔಷಧಕ್ಕೆ ಜಗ್ಗದೆ ಉಳಿದದ್ದು ಬೆಳೆದು ವಿಷ ಬಿಡುತ್ತದೆ. ಓವನ್ನಿನ ಬಿಸಿಗೆ ಬ್ಯಾಕ್ಟೀರಿಯಾ ಸತ್ತೀತು, ವಿಷ ಉಳಿಯುತ್ತದೆ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುವುದು ಅದರ ರೀತಿ. ಹಾಗಾಗಿ "ಹೇಗೂ ಬೇಯಿಸುತ್ತೇವಲ್ಲ" ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಪನೀರ್ ಮಾಡಿದ ಅಭ್ಯಾಸವೂ ದಾರಿ ತಪ್ಪಿಸುತ್ತದೆ. ಪನೀರಿಗೆ ಹಾಲನ್ನು ಕಾಯಿಸಿಯೇ ಒಡೆಸುತ್ತೇವೆ, ರೆನ್ನೆಟ್ ಚೀಸಿನಲ್ಲಿ ಹಾಲು ಗಂಟೆಗಟ್ಟಲೆ ಬ್ಯಾಕ್ಟೀರಿಯಾಗೆ ಇಷ್ಟವಾದ ಉಗುರುಬೆಚ್ಚಗೇ ಕೂತಿರುತ್ತದೆ.

ಇದನ್ನು ತಪ್ಪಿಸಲು ದುಡ್ಡಿನ ಖರ್ಚಿಲ್ಲ. ಚೀಸ್ ಮಾಡುವ ಹಿಂದಿನ ದಿನ ಅದೇ ಹಸುವಿನ 100 ಮಿಲಿ ಹಾಲು ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಅರ್ಧ ಚಮಚ ಒಳ್ಳೆಯ ಮೊಸರು ಹಾಕಿ ಹೆಪ್ಪಿಡಿ. ಪಕ್ಕದಲ್ಲೇ ಇನ್ನೊಂದು ಲೋಟದಲ್ಲಿ ಪ್ಯಾಕೆಟ್ ಹಾಲಿಗೂ ಅಷ್ಟೇ ಹೆಪ್ಪು ಹಾಕಿಡಿ, ಹೋಲಿಸಿ ನೋಡಲು ಅದು ಬೇಕೇ ಬೇಕು. ಬೇಸಿಗೆಯಲ್ಲಿ ಆರೆಂಟು ಗಂಟೆ ಸಾಕು. ಪ್ಯಾಕೆಟ್ ಹಾಲು ಗಟ್ಟಿ ಮೊಸರಾಗಿ, ಹಸುವಿನ ಹಾಲು ನೀರಾಗಿಯೋ ಲೋಳೆಯಾಗಿಯೋ ಉಳಿದಿದ್ದರೆ ಆ ಹಾಲು ಬೇಡ. ಔಷಧ ಇಲ್ಲದಿದ್ದರೆ, ಒಡೆಯದಿರಲೆಂದು ಯಾರೋ ಸೋಡಾ ಬೆರೆಸಿರಬಹುದು. ಅದೂ ಚೀಸಿಗೆ ಬರುವುದಿಲ್ಲ. ಮೊಸರು ಸರಿಯಾಗಿ ಆಯಿತೆಂದ ಮಾತ್ರಕ್ಕೆ ಹಾಲನ್ನು ಹಸಿಯಾಗಿ ಬಳಸಬಹುದು ಎಂದಲ್ಲ, ಮುಂದೆ ಕಾಯಿಸುವ ಕೆಲಸ ಇದ್ದೇ ಇದೆ.

ಹಾಲಿನವರನ್ನು ನೇರವಾಗಿ ಕೇಳಿ: ಟ್ಯೂಬ್ ಅಥವಾ ಇಂಜೆಕ್ಷನ್ ಆಗಿದೆಯೇ, ಹಸು ಈಚೆಗೆ ಕರು ಹಾಕಿದೆಯೇ, ಕಂದು ಹಾಕಿದೆಯೇ. ಗಿಣ್ಣದ ಹಾಲು ಬೆರೆತರೂ ಗಡ್ಡೆ ಕೆಡುತ್ತದೆ. ಕರೆಯುವ ಜಾಗಕ್ಕೆ ಹೋಗಲು ಆಗುವುದಾದರೆ ಪ್ರತಿ ಮೊಲೆಯ ಮೊದಲ ಮೂರ್ನಾಲ್ಕು ಧಾರೆಯನ್ನು ಕಪ್ಪು ಬಟ್ಟೆಯ ಮೇಲೆ ಬಿಡಿಸಿ ನೋಡಿ. ಬಿಳಿ ಚೂರು, ನೂಲಿನಂಥ ಎಳೆ ಅಥವಾ ರಕ್ತದ ಬಣ್ಣ ಕಂಡರೆ ಬಾವು ಇರುವ ಸಾಧ್ಯತೆ ಹೆಚ್ಚು.

ಇನ್ನು ಕಾಯಿಸುವುದು. 63 ಡಿಗ್ರಿಯಲ್ಲಿ 30 ನಿಮಿಷ, ಕಡಿಮೆಯಲ್ಲ. ಹಾಲಿನ ಸ್ಟೀಲ್ ಪಾತ್ರೆಯನ್ನು ನೀರು ತುಂಬಿದ ದೊಡ್ಡ ಪಾತ್ರೆಯೊಳಗಿಟ್ಟು, ಕೈಯಾಡಿಸುತ್ತಾ, ಥರ್ಮಾಮೀಟರ್ ಮುಳುಗಿಸಿಯೇ ಇಡಿ. ಬೆರಳಿಟ್ಟು ಅಂದಾಜು ಮಾಡುವ ಕೆಲಸ ಇದಲ್ಲ. ಹಾಗೆಂದು ಉಕ್ಕಿಸಲೂಬೇಡಿ, ಉಕ್ಕಿದ ಹಾಲಿಗೆ ರೆನ್ನೆಟ್ ಹಾಕಿದರೆ ಗಡ್ಡೆ ಮೆತ್ತಗಾಗಿ ಕುಸಿಯುತ್ತದೆ. ತಿಂಗಳುಗಟ್ಟಲೆ ಹೊರಗೇ ಇಡಬಹುದಾದ ಟೆಟ್ರಾಪ್ಯಾಕ್ ಹಾಲಿನ ಕಥೆಯೂ ಅಷ್ಟೇ. ಕಾಯಿಸಿದ ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು ಬೇಗ 32 ಡಿಗ್ರಿಗೆ ಇಳಿಸಿ. ಕಾಯಿಸಿದ್ದರಿಂದ ಗಡ್ಡೆ ಸಡಿಲವಾಗುತ್ತದೆ ಎಂಬ ದೂರಿಗೆ ಪರಿಹಾರ ಕ್ಯಾಲ್ಸಿಯಂ ಕ್ಲೋರೈಡ್: 10 ಲೀಟರಿಗೆ 2 ಗ್ರಾಂ, ಅರ್ಧ ಲೋಟ ನೀರಲ್ಲಿ ಕರಗಿಸಿ ರೆನ್ನೆಟ್‌ಗಿಂತ ಮುಂಚೆ ಹಾಕಬೇಕು. ಆಹಾರ ದರ್ಜೆಯದೇ ಆಗಬೇಕು, ಬೀರುವಿನ ತೇವ ಹೀರಲು ಇಡುವ ಡಬ್ಬಿಯದು ಖಂಡಿತ ಬೇಡ. ರೆನ್ನೆಟ್ ಕಲಸಲು ನಲ್ಲಿ ನೀರನ್ನು ಹಾಗೇ ಬಳಸಬೇಡಿ, ಕ್ಲೋರಿನ್ ಅದನ್ನು ಕೊಲ್ಲುತ್ತದೆ. ಕುದಿಸಿ ಆರಿಸಿದ ನೀರು ಒಳ್ಳೆಯದು. ಪ್ರಮಾಣ ಎಷ್ಟೆಂಬುದು ಪೊಟ್ಟಣದ ಮೇಲಿನ ಶಕ್ತಿ ನೋಡಿ, ಬೇರೆಯವರ ಚಮಚದ ಲೆಕ್ಕ ನಿಮ್ಮದಕ್ಕೆ ಹೊಂದುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಸಂಜೆಯ ನಿರ್ಧಾರ. ಕಲ್ಚರ್ ಸರಿಯಾಗಿದ್ದರೆ ಗಡ್ಡೆ ಕತ್ತರಿಸಿದ ಮೂರ್ನಾಲ್ಕು ಗಂಟೆಯಲ್ಲಿ ಹುಳಿ ಏರುತ್ತಾ ಬರುತ್ತದೆ. ಪಿಎಚ್ (ಹುಳಿಯ ಅಳತೆ, ಹುಳಿ ಏರಿದಷ್ಟೂ ಈ ಅಂಕಿ ಇಳಿಯುತ್ತದೆ) 5.2ರ ಹತ್ತಿರ ಬಂದಾಗ 80 ಡಿಗ್ರಿ ನೀರಿಗೆ ಹಾಕಿದ ಚೂರು ಹೊಳೆಯುತ್ತಾ ಉದ್ದಕ್ಕೆ ಎಳೆಯುತ್ತದೆ. ಆರು ಗಂಟೆ ಕಳೆದರೂ ಪಿಎಚ್ ಪಟ್ಟಿ 6ರ ಆಸುಪಾಸಿನಲ್ಲೇ ನಿಂತಿದ್ದರೆ ಕಲ್ಚರ್ ಸತ್ತಿದೆ. ಅಲ್ಲಿಗೆ ನಿಲ್ಲಿಸಿ. ರಾತ್ರಿಯಿಡೀ ಹೊರಗೆ ಬಿಡಬೇಡಿ. ಬಿಸಿ ಮಾಡಿ ನಿಂಬೆರಸ ಹಿಂಡಿ ಪನೀರ್ ಮಾಡಿ ಉಳಿಸಿಕೊಳ್ಳೋಣ ಎಂದೂ ಹೊರಡಬೇಡಿ, ವಿಷ ಅಷ್ಟರಲ್ಲೇ ಆಗಿರಬಹುದು. 10 ಲೀಟರ್ ಹಾಲು ಚೆಲ್ಲುವುದು ಸಂಕಟದ ಕೆಲಸ ನಿಜ, ಅದರಿಂದ ಸಿಗುತ್ತಿದ್ದ ಚೀಸ್ ಹೆಚ್ಚೆಂದರೆ ಒಂದು ಕೆಜಿ ಚಿಲ್ಲರೆ. ದನ, ನಾಯಿಗೂ ಹಾಕದೆ ಗುಂಡಿ ತೋಡಿ ಮುಚ್ಚಿ. ಬಟ್ಟೆ, ಜರಡಿ, ಚಾಕು ಎಲ್ಲವನ್ನೂ ಕುದಿಯುವ ನೀರಲ್ಲಿ ಹಾಕಿ ತೆಗೆಯಿರಿ, ಇಲ್ಲವಾದರೆ ಮುಂದಿನ ಸಲಕ್ಕೂ ಅದೇ ಅಂಟಿಕೊಳ್ಳುತ್ತದೆ.

ಗರ್ಭಿಣಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಹಸಿ ಹಾಲಿನ ಚೀಸ್ ಮಾಡಲೇಬೇಡಿ. ಹಸಿ ಹಾಲಿನಲ್ಲಿ ಇರಬಹುದಾದ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಡ್ಜಿನ ತಣ್ಣಗೂ ಬೆಳೆಯುತ್ತದೆ. ಕಂದು ಹಾಕುವ ರೋಗದ ಬ್ರುಸೆಲ್ಲಾ ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆ. ಈಗಾಗಲೇ ಅಂಥ ಚೀಸ್ ತಿಂದಿದ್ದು ವಾಂತಿಭೇದಿ ಹಿಡಿದಿದ್ದರೆ ಓಆರ್‌ಎಸ್ ಕುಡಿಸುತ್ತಾ ತಡಮಾಡದೆ ಆಸ್ಪತ್ರೆಗೆ ಹೋಗಿ. ವಾರಗಳು ಕಳೆದ ಮೇಲೆ ಬಿಟ್ಟು ಬಿಟ್ಟು ಜ್ವರ, ರಾತ್ರಿ ಬೆವರು, ಕೀಲುನೋವು ಕಾಣಿಸಿಕೊಂಡರೂ ಹಸಿ ಹಾಲಿನ ಚೀಸ್ ತಿಂದ ವಿಷಯವನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಅದನ್ನು ತಿಳಿಸಿದರೆ ಬ್ರುಸೆಲ್ಲಾಗೆ ರಕ್ತ ಪರೀಕ್ಷೆ ಬರೆಯುತ್ತಾರೆ.