ಕರುವಿಗೆ ಹಾಲು: ತಾಯಿಯ ಕೆಚ್ಚಲೋ, ಬಕೆಟ್ಟೋ, ಹಾಲಿನ ಪುಡಿಯೋ?

ಕೆಲವೇ ಹಸುಗಳಿರುವ ನಮ್ಮ ಕೊಟ್ಟಿಗೆಯಲ್ಲಿ ಕರುವಿಗೆ ಹಾಲುಣಿಸುವ ಮೂರು ಕ್ರಮಗಳನ್ನೂ ನಡೆಸಿ ನೋಡಿದ್ದೇನೆ. ಹಗಲು ತಾಯಿಯ ಜೊತೆ ಬಿಟ್ಟು ರಾತ್ರಿ ಬೇರೆ ಕಟ್ಟುವುದು ಒಂದು. ಹುಟ್ಟಿದ ಕೂಡಲೇ ಬೇರ್ಪಡಿಸಿ, ಕರೆದ ಹಾಲನ್ನು ಬಕೆಟ್ಟಿನಲ್ಲಿ ಕುಡಿಸುವುದು ಇನ್ನೊಂದು. ಹಾಲಿನ ಬದಲು ಪುಡಿ ಕಲಸಿ ಕೊಡುವುದು ಮೂರನೆಯದು. ಮನೆಮಂದಿಯೇ ದುಡಿಯುವ ಸಣ್ಣ ಹಿಡುವಳಿಗೆ ಮೊದಲನೆಯದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯಾವ ಕ್ರಮ ಹಿಡಿದರೂ ಗಿಣ್ಣಿನ ಹಾಲಿನ ವಿಷಯದಲ್ಲಿ ರಿಯಾಯಿತಿಯಿಲ್ಲ. ಗರ್ಭದಲ್ಲಿರುವಾಗ ತಾಯಿಯ ರೋಗನಿರೋಧಕಗಳು ಕರುವಿಗೆ ದಾಟುವುದಿಲ್ಲ. ಅವು ಸಿಗುವುದು ಗಿಣ್ಣಿನಿಂದ. ಕರುಳು ಅವನ್ನು ಹಾಗೆಯೇ ಹೀರಿಕೊಳ್ಳುವ ಶಕ್ತಿ ಗಂಟೆಗಂಟೆಗೂ ಕುಂದುತ್ತಾ ಬಂದು 24 ಗಂಟೆಯ ಹೊತ್ತಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಹುಟ್ಟಿದ ಎರಡು ಗಂಟೆಯೊಳಗೆ ಕರುವಿನ ತೂಕದ ಹತ್ತರಲ್ಲೊಂದು ಪಾಲು, ಅಂದರೆ 35 ಕಿಲೋ ತೂಗುವ ಕರುವಿಗೆ ಮೂರೂವರೆ ಲೀಟರಿನಷ್ಟು, ಹೊಟ್ಟೆ ಸೇರಬೇಕು. ತಾಯಿಯ ಪಕ್ಕದಲ್ಲೇ ಇದೆ, ಕುಡಿದಿರುತ್ತದೆ ಎಂದು ನಂಬಿ ಮಲಗಬಾರದು. ಕೆಚ್ಚಲು ಜೋತುಬಿದ್ದ ಹಸುವಿನ ಕರು ತೊಟ್ಟನ್ನು ಮೇಲೆಲ್ಲೋ, ತೊಡೆಯ ಸಂದಿಯಲ್ಲೋ ಹುಡುಕುತ್ತಾ ಸುಸ್ತಾಗಿ ಮಲಗಿಬಿಡುತ್ತದೆ. ಆದ್ದರಿಂದ ಮೊದಲ ಗಿಣ್ಣನ್ನು ನಾನು ಕರೆದು ಬಾಟಲಿಯಲ್ಲಿ ಕುಡಿಸುತ್ತೇನೆ, ತಾಯಿಯ ಬಳಿ ಬಿಡುವುದು ಆಮೇಲೆ.

ಇನ್ನು ಹೋಲಿಕೆ. ಕರು ಕತ್ತು ಚಾಚಿ ತೊಟ್ಟನ್ನು ಚೀಪುವಾಗ ಅನ್ನನಾಳದ ಕೊನೆಯಲ್ಲಿರುವ ಒಂದು ತೋಡು ಮಡಿಚಿ ಕೊಳವೆಯಾಗುತ್ತದೆ. ಹಾಲು ಮೊದಲ ಹೊಟ್ಟೆಗೆ ಬೀಳದೆ ನೇರವಾಗಿ ನಾಲ್ಕನೆಯದನ್ನು ಸೇರುತ್ತದೆ. ಎಳೆಗರುವಿಗೆ ಹಾಲು ಜೀರ್ಣವಾಗುವುದು ಅಲ್ಲಿಯೇ. ನೆಲದ ಮೇಲಿಟ್ಟ ಬಕೆಟ್ಟಿಗೆ ಮೂತಿ ಅದ್ದಿ ಗಟಗಟನೆ ಕುಡಿದಾಗ ಆ ತೋಡು ಕೆಲವೊಮ್ಮೆ ಪೂರ್ತಿ ಮುಚ್ಚುವುದಿಲ್ಲ. ಮೊದಲ ಹೊಟ್ಟೆಗೆ ಸೋರಿದ ಹಾಲು ಅಲ್ಲೇ ಹುಳಿಯುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಸಗಣಿ ಜೇಡಿಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ನೆಲದ ಬಕೆಟ್ಟನ್ನು ನಾನು ಕೈಬಿಟ್ಟದ್ದು ಇದಕ್ಕೇ. ರಬ್ಬರ್ ತೊಟ್ಟಿರುವ ಬಕೆಟ್ಟನ್ನು ಕರುವಿನ ಭುಜಕ್ಕಿಂತ ತುಸು ಮೇಲೆ ತೂಗುಹಾಕಿ, ಹಾಲನ್ನು 39 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡಿ ಕೊಟ್ಟರೆ ಬಹುಪಾಲು ತೊಂದರೆ ತಪ್ಪುತ್ತದೆ. ತೊಟ್ಟಿನ ತೂತನ್ನು ಮಾತ್ರ ದೊಡ್ಡದು ಮಾಡಬಾರದು. ಕರು ನಿಧಾನವಾಗಿ, ಬಾಯಂಚಿನಲ್ಲಿ ನೊರೆ ಕಟ್ಟುವಂತೆ ಚೀಪಬೇಕು.

ಇಷ್ಟಾದರೂ ಅದು ತಾಯಿಗೆ ಸಮನಲ್ಲ. ತಾಯಿಯ ಜೊತೆಗಿರುವ ಕರು ದಿನಕ್ಕೆ ಆರೆಂಟು ಸಲ ಸ್ವಲ್ಪ ಸ್ವಲ್ಪವೇ ಕುಡಿಯುತ್ತದೆ, ನಾವು ಕೊಡುವುದು ಎರಡೇ ಹೊತ್ತು. ಚೀಪುವ ಆಸೆ ತೀರದ ಕರುಗಳು ಹಾಲು ಮುಗಿದ ಮೇಲೆ ಒಂದರ ಕಿವಿಯನ್ನು ಇನ್ನೊಂದು ಬಾಯಿಗೆ ಹಾಕಿಕೊಂಡು ಎಳೆಯುತ್ತವೆ. ಕಿವಿ ಒದ್ದೆಯಾದರೆ ಹೋಗಲಿ, ಹೊಕ್ಕುಳು ಚೀಪಿದರೆ ಸೋಂಕು ತಗಲುತ್ತದೆ. ತಾಯಿಯ ಜೊತೆಗಿದ್ದವುಗಳಲ್ಲಿ ಈ ಚಟವನ್ನು ನಾನು ಕಂಡದ್ದು ತೀರಾ ಅಪರೂಪ. ಅವುಗಳ ಮೈಕಟ್ಟೂ ಬೇರೆ, ರೋಮದ ಹೊಳಪೂ ಬೇರೆ.

ಕೆಲಸದ ಲೆಕ್ಕವೂ ತಾಯಿಯ ಪರವಾಗಿಯೇ ಇದೆ. ರಾತ್ರಿ ಬೇರೆ ಕಟ್ಟಿದ ಕರುವಿನ ತಾಯಿಯಿಂದ ಬೆಳಗ್ಗೆ ಹಾಲು ಕರೆದುಕೊಂಡು, ಆಮೇಲೆ ಕರುವನ್ನು ಬಿಟ್ಟರೆ ಆಯಿತು. ಸಂಜೆ ಕರೆಯುವ ಕೆಲಸವಿಲ್ಲ. ಹಾಲು ಬೆಚ್ಚಗೆ ಮಾಡುವುದು, ಬಕೆಟ್ಟು ಉಜ್ಜುವುದು, ತೊಟ್ಟು ಬಿಚ್ಚಿ ತೊಳೆಯುವುದು ಯಾವುದೂ ಇಲ್ಲ. ಮನೆಯಲ್ಲಿ ಒಬ್ಬರು ಹುಷಾರು ತಪ್ಪಿದ ದಿನ ಇದರ ಬೆಲೆ ತಿಳಿಯುತ್ತದೆ. ಹಿಣಿಲಿರುವ ತಳಿಗಳ ಎಷ್ಟೋ ಹಸುಗಳಂತೂ ಕರು ಎದುರಿಗಿಲ್ಲದಿದ್ದರೆ ಹಾಲಿನ ತೊರೆಯನ್ನೇ ಬಿಡುವುದಿಲ್ಲ.

ನಷ್ಟಗಳನ್ನೂ ಹೇಳಬೇಕು. ಮಾರುವುದಕ್ಕೆ ಸಿಗುವ ಹಾಲು ಕಡಿಮೆ. ಕೆಲವು ಹಸುಗಳು ಕರುವಿಗೆಂದು ಹಾಲನ್ನು ಕೆಚ್ಚಲಲ್ಲೇ ಬಿಗಿಹಿಡಿಯುತ್ತವೆ. ಕರು ಎಷ್ಟು ಕುಡಿಯಿತು ಎಂದು ಅಳೆಯಲಾಗದು. ಬಕೆಟ್ಟಿನಲ್ಲಾದರೆ ಹಾಲು ಉಳಿದ ಕೂಡಲೇ ಕಾಯಿಲೆಯ ಸುಳಿವು ಸಿಗುತ್ತದೆ. ಹೊಟ್ಟೆ ತುಂಬ ಹಾಲು ಸಿಗುವ ಕರು ಹಿಂಡಿಯ ಕಡೆ ಮೂಗು ಹಾಕುವುದೂ ತಡ. ಮೊದಲ ಹೊಟ್ಟೆಯ ಒಳಗೋಡೆ ಬಲಿಯುವುದು ಹಿಂಡಿ, ಕಾಳು ಹುದುಗಿ ಬರುವ ಆಮ್ಲಗಳಿಂದ, ಹಾಲಿನಿಂದಲ್ಲ. ಹಾಗಾಗಿ ಮೊದಲ ವಾರದಿಂದಲೇ ಹಿಡಿ ಹಿಂಡಿಯನ್ನೂ ಶುದ್ಧ ನೀರನ್ನೂ ಕರುವಿನ ಮುಂದಿಡುತ್ತೇನೆ. ಹಾಲು ಮೊದಲ ಹೊಟ್ಟೆಯನ್ನು ಬಳಸಿ ಹೋಗುವುದರಿಂದ ಅಲ್ಲಿನ ಹುದುಗುವಿಕೆಗೆ ನೀರು ಬೇರೆಯೇ ಬೇಕು. ಹಾಲಿನಲ್ಲೇ ನೀರಿದೆಯಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಪುಡಿಯ ಬಗ್ಗೆ ಹೆಚ್ಚು ಹೇಳಲಾರೆ. ತಾಯಿ ಸತ್ತಾಗ, ಅವಳಿ ಹುಟ್ಟಿದಾಗ ಅದು ಕರುವನ್ನು ಉಳಿಸುತ್ತದೆ, ಅಷ್ಟರ ಮಟ್ಟಿಗೆ ಋಣಿ. ಕೊಳ್ಳುವಾಗ ಪ್ರೋಟೀನ್ ಹಾಲಿನಿಂದ ಬಂದದ್ದೇ ಎಂದು ಚೀಟಿ ಓದಿ. ಮೊದಲ ಮೂರು ವಾರ ಸೋಯಾ ಪ್ರೋಟೀನ್ ಕರುವಿಗೆ ಸರಿಯಾಗಿ ಅರಗುವುದಿಲ್ಲ. ಪುಡಿಯನ್ನು ತೂಗಿಯೇ ಹಾಕಿ. ಒಂದು ದಿನ ಗಟ್ಟಿ, ಒಂದು ದಿನ ತೆಳ್ಳಗೆ ಆದರೆ ಭೇದಿ ಖಂಡಿತ.

ಹಾಲು ಬಿಡಿಸುವ ಹೊತ್ತಿನಲ್ಲಿ ಬಕೆಟ್ಟಿನ ಕರು ಸುಲಭ: ಸತತ ಮೂರು ದಿನ ಒಂದೊಂದು ಕಿಲೋ ಹಿಂಡಿ ತಿಂದರೆ ಹಾಲನ್ನು ಇಳಿಸುತ್ತಾ ನಿಲ್ಲಿಸಬಹುದು. ತಾಯಿಯ ಜೊತೆಗಿದ್ದದ್ದನ್ನು ಒಮ್ಮೆಗೇ ದೂರ ಒಯ್ದರೆ ಎರಡೂ ಹಗಲು ರಾತ್ರಿ ಕೂಗಿ ಮೇವು ಬಿಡುತ್ತವೆ. ಮೊಲೆ ಬಾಯಿಗೆ ಸಿಗದಂತೆ ತಡೆಯುವ ಪ್ಲಾಸ್ಟಿಕ್ ತಟ್ಟೆಯನ್ನು ಕರುವಿನ ಮೂಗಿಗೆ ಸಿಕ್ಕಿಸಿ, ಒಂದು ವಾರ ತಾಯಿಯ ಜೊತೆಯಲ್ಲೇ ಬಿಟ್ಟು, ನಂತರ ಬೇರ್ಪಡಿಸಿದರೆ ಆ ಕೂಗಾಟ ಬಹಳ ತಗ್ಗುತ್ತದೆ. ತಟ್ಟೆ ಹಾಕಿಕೊಂಡೇ ಕರು ಹುಲ್ಲು ಮೇಯಬಲ್ಲದು, ನೀರು ಕುಡಿಯಬಲ್ಲದು. ಮೂಗಿನ ಒಳಗೋಡೆ ಉಜ್ಜಿ ಗಾಯವಾಗಿದೆಯೇ ಎಂದು ಮಾತ್ರ ದಿನವೂ ನೋಡಿ.