ಸಿಮ್ಯುಲೇಟರ್ ರಿವ್ಯೂ: ದುಡ್ಡು ವಸೂಲಾಗಿದ್ದು ಸುಳ್ಳು ಹೇಳಿದ ಮೀಟರ್ ಮುಳ್ಳಿಂದ

ಹೋದ ಭಾನುವಾರ ಅಕ್ಕನ ಮಗನ ಬರ್ತ್‌ಡೇಗೆ ಅಂತ ಬೆಂಗಳೂರಲ್ಲೇ ಒಂದು ಬೋಯಿಂಗ್ 737 ಸಿಮ್ಯುಲೇಟರ್ ಸೆಂಟರ್‌ಗೆ ಕರ್ಕೊಂಡು ಹೋಗಿದ್ದೆ, ಒಂದು ಗಂಟೆಗೆ ಆರು ಸಾವಿರ ಚಿಲ್ರೆ. ಹೆಸರು ಹಾಕಲ್ಲ, ಸ್ವಲ್ಪ ಬೈಯೋದೂ ಇದೆ.

ಬೈಗುಳ ಮೊದ್ಲು ಮುಗಿಸ್ಬಿಡ್ತೀನಿ. 11 ಗಂಟೆ ಸ್ಲಾಟ್, ಒಳಗೆ ಬಿಟ್ಟಿದ್ದು 11:40ಕ್ಕೆ. ಎಸಿ ಹೆಸರಿಗಷ್ಟೇ. ಇದು ಅಲ್ಲಾಡೋ ಸಿಮ್ಯುಲೇಟರ್ ಅಲ್ಲ, ಫಿಕ್ಸೆಡ್ ಬೇಸ್, ಫೋಟೋ ನೋಡಿ ಮೋಸ ಹೋಗ್ಬೇಡಿ.

ಆದ್ರೆ ಹೇಳ್ಕೊಡೋರು ರಿಟೈರ್ಡ್ ಏರ್‌ಲೈನ್ ಕ್ಯಾಪ್ಟನ್, ಅವ್ರಿಗೋಸ್ಕರ ಐದಕ್ಕೆ ನಾಲ್ಕು ಸ್ಟಾರ್. ಟೇಕಾಫ್ ಆಗಿ ಹನ್ನೆರಡು ಸಾವಿರ ಅಡಿ ದಾಟಿದ್ವಿ, ನಾನು ಎಡಗಡೆ ಸೀಟಲ್ಲಿ ರಾಜನ ಥರ ಕೂತಿದೀನಿ, ಅಷ್ಟ್ರಲ್ಲಿ ಬಲಗಡೆ ಇಂಜಿನ್‌ನ ಆಯಿಲ್ ಪ್ರೆಷರ್ ಮುಳ್ಳು 40ರಿಂದ ದಬಕ್ ಅಂತ ಬಿತ್ತು, ಮತ್ತೆ 40, ಮತ್ತೆ ಕೆಳಗೆ. ಹುಡುಗ "ಮಾಮ ಇಂಜಿನ್ ಹೋಯ್ತು, ಆಫ್ ಮಾಡಿ ಆಫ್ ಮಾಡಿ" ಅಂತ ಕಿರ್ಚ್ದ. ನಾನು ಥ್ರಸ್ಟ್ ಲಿವರ್ (ಇಂಜಿನ್ ಶಕ್ತಿ ಹೆಚ್ಚುಕಮ್ಮಿ ಮಾಡೋ ಹಿಡಿ) ಹಿಡ್ದು ಎಳೆಯೋಕೆ ಹೋದೆ. ಕ್ಯಾಪ್ಟನ್ ನನ್ನ ಮಣಿಕಟ್ಟು ಹಿಡ್ಕೊಂಡು "ಯಾವ್ದು ಸರ್ ಹಿಡ್ದಿರೋದು?" ಅಂದ್ರು. ನೋಡಿದ್ರೆ ಎಡಗಡೇದು! ಚೆನ್ನಾಗಿರೋ ಇಂಜಿನ್‌ದು!

ಸಿಮ್ಯುಲೇಟರ್ ಪಾಸ್ ಮಾಡಿ ಹೇಳಿದ್ರು. ಮೊದಲು ವಿಮಾನ ಹಾರಿಸ್ತಾ ಇರಿ, ಒಬ್ರು ಅದನ್ನ ಬಿಡಬಾರ್ದು, ಇನ್ನೊಬ್ರು ಚೆಕ್‌ಲಿಸ್ಟ್ ತೆಗೀಬೇಕು. ಯಾವ ಲಿವರ್ ಮುಟ್ಟಿದ್ರೂ ಇಬ್ರೂ ನೋಡಿ ಕನ್‌ಫರ್ಮ್ ಅನ್ಬೇಕು. ಆಮೇಲೆ ಅಕ್ಕಪಕ್ಕದ ಮೀಟರ್‌ಗಳನ್ನ ಕೇಳಿ. ನಿಜವಾಗ್ಲೂ ಆಯಿಲ್ ಹೋಗ್ತಿದ್ರೆ ಆಯಿಲ್ ಟೆಂಪರೇಚರ್ ಏರ್ಬೇಕು, ಕ್ವಾಂಟಿಟಿ ಇಳೀಬೇಕು, ಇಲ್ಲಿ ಎರಡೂ ಕಲ್ಲು ಥರ ಕೂತಿವೆ, ಎನ್1 ಎನ್2, ಅಂದ್ರೆ ಇಂಜಿನ್ ಒಳಗಿನ ಎರಡು ಶಾಫ್ಟ್ ತಿರುಗೋ ವೇಗ, ಕೂಡ ಅಷ್ಟೇ. ಕಣ್ಣು ಮಿಟುಕಿಸೋದ್ರಲ್ಲಿ 40ರಿಂದ ಸೊನ್ನೆಗೆ ಹೋಗಿ ವಾಪಸ್ ಬರೋದು ಸಾಮಾನ್ಯವಾಗಿ ಆಯಿಲ್ ಅಲ್ಲ, ಲೂಸ್ ಕನೆಕ್ಷನ್.

ಹಾಗಂತ "ಸೆನ್ಸರ್ ಬಿಡಿ" ಅಂತ ಸುಮ್ನಾಗೋ ಹಾಗೂ ಇಲ್ವಂತೆ. ಮುಳ್ಳು ಕೆಂಪು ಗೆರೆ ಕೆಳಗೇ, ಅಂದ್ರೆ 13ಕ್ಕಿಂತ ಕೆಳಗೇ ಕೂತ್ರೆ ಚೆಕ್‌ಲಿಸ್ಟ್ ಹೇಳಿದ ಹಾಗೆ ಆ ಇಂಜಿನ್ ನಿಲ್ಲಿಸ್ಬೇಕು, ಇನ್ನೊಂದರಲ್ಲಿ ಇಳಿಸ್ಬಹುದು. ಗಾಳೀಲಿ ಕೂತು ಮೆಕ್ಯಾನಿಕ್ ಆಗ್ಬೇಡಿ ಅಂದ್ರು.

ಮೀಟರ್ ನಂಬಿ ಸತ್ತ ಕಥೆ, ನಂಬದೆ ಸತ್ತ ಕಥೆ ಎರಡೂ ಅವ್ರ ಹತ್ರ ಇತ್ತು. 1982ರ ಜನವರಿ 13, ವಾಷಿಂಗ್ಟನ್, ಏರ್ ಫ್ಲೋರಿಡಾ 737. ಹಿಮ ಬೀಳ್ತಿದ್ರೂ ಮಂಜುಗಡ್ಡೆ ಕಟ್ಟದ ಹಾಗೆ ಬಿಸಿ ಮಾಡೋ ಇಂಜಿನ್ ಆಂಟಿ-ಐಸ್ ಹಾಕಿರ್ಲಿಲ್ಲ, ಇಂಜಿನ್ ಬಾಯಲ್ಲಿರೋ ಪ್ರೆಷರ್ ಪ್ರೋಬ್ ಮಂಜುಗಡ್ಡೆ ಕಟ್ಟಿ ಮುಚ್ಚೋಯ್ತು, ಇಂಜಿನ್ ಶಕ್ತಿ ಎಷ್ಟು ಅಂತ ಹೇಳೋ ಇಪಿಆರ್ ಮೀಟರ್ 2.04 ತೋರಿಸ್ತಿತ್ತು, ಅಸಲಿ ಶಕ್ತಿ ಸುಮಾರು 1.70 ಅಷ್ಟೇ. ಉಳಿದ ಮೀಟರ್‌ಗಳು ಕಮ್ಮಿ ಇದೆ ಅಂತಾನೇ ಹೇಳ್ತಿದ್ವು, ಕೋ-ಪೈಲಟ್ಟೂ ಇದು ಸರಿ ಇಲ್ಲ ಅಂತ ಮತ್ತೆ ಮತ್ತೆ ಅಂದ, ಕ್ಯಾಪ್ಟನ್ ಟೇಕಾಫ್ ನಿಲ್ಲಿಸ್ಲಿಲ್ಲ. ಸೇತುವೆಗೆ ಬಡ್ದು ಪೊಟೊಮ್ಯಾಕ್ ನದಿಗೆ ಬಿತ್ತು, ಸೇತುವೆ ಮೇಲಿದ್ದ ನಾಲ್ವರು ಸೇರಿ 78 ಜನ ಸತ್ರು.

ಇನ್ನೊಂದು 1989ರ ಜನವರಿ 8, ಇಂಗ್ಲೆಂಡಿನ ಕೆಗ್ವರ್ತ್ ಹತ್ರ ಬಿದ್ದ 737. ಬ್ಲೇಡ್ ಮುರ್ದಿದ್ದು ಎಡಗಡೆ ಇಂಜಿನ್‌ದು, ಪೈಲಟ್‌ಗಳು ಆಫ್ ಮಾಡಿದ್ದು ಬಲಗಡೇದು. ವೈಬ್ರೇಶನ್ ಮೀಟರ್ ಸರಿಯಾಗೇ ತೋರಿಸ್ತಿತ್ತು, ಆದ್ರೆ ಹಳೇ ವಿಮಾನಗಳಲ್ಲಿ ಆ ಮೀಟರ್ ನಂಬೋ ಹಾಗಿರ್ಲಿಲ್ಲ, ಅದಕ್ಕೆ ಅವ್ರು ಲೆಕ್ಕಕ್ಕೇ ತಗೊಳ್ಳಿಲ್ಲ. 126 ಜನರಲ್ಲಿ 47 ಜನ ಹೋದ್ರು. ಇದನ್ನ ಕೇಳೋವಾಗ ನನ್ನ ಕೈ ಎಲ್ಲಿತ್ತು ಅಂತ ನೆನಪಾಗಿ ಬೆವರು ಬಂತು, ಎಸಿ ತಪ್ಪಲ್ಲ ಇದು.

ಈಗಿನ ಇಂಜಿನ್ ಕಂಪ್ಯೂಟರ್‌ಗೆ ಎರಡು ಚಾನೆಲ್, ಅಂದ್ರೆ ಒಂದೇ ಕೆಲ್ಸ ಮಾಡೋ ಎರಡು ಸೆಟ್, ಇರತ್ತಂತೆ, ಒಂದು ಸೆನ್ಸರ್ ಹುಚ್ಚುಹುಚ್ಚಾಗಿ ಆಡಿದ್ರೆ ಇನ್ನೊಂದನ್ನ ತಗೊಳತ್ತೆ, ಎಷ್ಟೋ ಸಲ ಪೈಲಟ್‌ಗೆ ಗೊತ್ತೇ ಆಗಲ್ಲ, ಇಳಿದ ಮೇಲೆ ಮೆಂಟೇನೆನ್ಸ್‌ನವ್ರು ನೋಡ್ಕೋತಾರೆ.

ಎರಡನೇ ಸಲ ಅದೇ ಫಾಲ್ಟ್ ಹಾಕಿದ್ರು. ಈ ಸಲ ಹುಡುಗ "ಮಾಮ, ಟೆಂಪರೇಚರ್ ನಾರ್ಮಲ್" ಅಂದ, ನಾನು ಕೈ ತೊಡೆ ಮೇಲೇ ಇಟ್ಕೊಂಡಿದ್ದೆ.

ಬುಕ್ ಮಾಡೋವಾಗ್ಲೇ ಫೇಲ್ಯೂರ್ ಬೇಕು ಅಂತ ಕೇಳಿ, ಇಲ್ಲಾಂದ್ರೆ ದುಬೈ ಲ್ಯಾಂಡಿಂಗ್ ಮಾಡ್ಸಿ ಸೆಲ್ಫಿ ತೆಗೆಸಿ ಕಳಿಸ್ತಾರೆ. ಪಾರ್ಕಿಂಗ್ ಇಲ್ಲ, ಮೆಟ್ರೋದಲ್ಲಿ ಹೋಗಿ.