ಪಡೆಯದ ಸಾಲಕ್ಕೆ ಕಟ್ಟಿದ ಬಡ್ಡಿ: ತೆರಿಗೆ ರಿಟರ್ನ್ ತುಂಬಿಕೊಡುವವರ ಬಗ್ಗೆ ಒಂದು ಎಚ್ಚರಿಕೆ

2025ರ ಆಗಸ್ಟ್ ಕೊನೆಯ ವಾರ, ಮಗಳಿಗೆ ಮೈಸೂರಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕ ಸಂತೋಷದಲ್ಲಿ, ಶಿಕ್ಷಣ ಸಾಲದ ಅರ್ಜಿ ಹಿಡಿದು ನಾನೂ ನನ್ನ ಪತಿಯೂ ವಿರಾಜಪೇಟೆಯ ಬ್ಯಾಂಕಿಗೆ ಹೋಗಿದ್ದೆವು. ಸಾಲಕ್ಕೆ ಸಹ ಅರ್ಜಿದಾರಳು ನಾನು. ಸಂಬಳದ ಪ್ರಮಾಣಪತ್ರದ ಜೊತೆಗೆ ಆದಾಯ ತೆರಿಗೆ ರಿಟರ್ನಿನ ಪೂರ್ಣ ಪ್ರತಿಯೂ ಬೇಕೆಂದು ಬ್ಯಾಂಕಿನವರು ಮೊದಲೇ ಹೇಳಿದ್ದರಿಂದ, ಹಿಂದಿನ ರಾತ್ರಿ ಮಗಳು ಆಧಾರ್ ಒಟಿಪಿಯ ಮೂಲಕ ಹೊಸ ಪಾಸ್‌ವರ್ಡ್ ಪಡೆದು, ಇಲಾಖೆಯ ಜಾಲತಾಣದಿಂದ ಅದನ್ನು ಇಳಿಸಿಕೊಟ್ಟಿದ್ದಳು. ನಾನು ಅದನ್ನು ಓದದೆಯೇ ಕಡತಕ್ಕೆ ಸೇರಿಸಿದ್ದೆ. ವ್ಯವಸ್ಥಾಪಕರು ಮಾತ್ರ ಓದಿದರು. ಓದಿ, ಕನ್ನಡಕ ತೆಗೆದು, ಸಹಜವಾಗಿಯೇ ಕೇಳಿದರು: "ಮೇಡಂ, ನೀವು ಈಗಾಗಲೇ ಒಂದು ಶಿಕ್ಷಣ ಸಾಲ ತೀರಿಸುತ್ತಿದ್ದೀರಲ್ಲ, ಅದು ಯಾವ ಬ್ಯಾಂಕಿನಲ್ಲಿದೆ?"

ನಮಗೆ ಅಂಥ ಸಾಲವೇ ಇರಲಿಲ್ಲ. ಇರುವವಳು ಒಬ್ಬಳೇ ಮಗಳು, ಅವಳ ಮೊದಲ ಸಾಲಕ್ಕಾಗಿಯೇ ನಾವು ಅಲ್ಲಿ ಕುಳಿತಿದ್ದೆವು. ಆದರೆ ನನ್ನ ಹೆಸರಿನಲ್ಲಿ ಸಲ್ಲಿಕೆಯಾಗಿದ್ದ ರಿಟರ್ನಿನಲ್ಲಿ, ಶಿಕ್ಷಣ ಸಾಲದ ಬಡ್ಡಿಯೆಂದು 80ಇ ಕಲಮಿನ ಅಡಿಯಲ್ಲಿ 98,000 ರೂಪಾಯಿ ಕಟ್ಟಿರುವುದಾಗಿ ಬರೆದಿತ್ತು. ಅದರ ಕೆಳಗೆ, ರಾಜಕೀಯ ಪಕ್ಷಕ್ಕೆ ದೇಣಿಗೆಯೆಂದು 80ಜಿಜಿಸಿ ಅಡಿಯಲ್ಲಿ 1,60,000 ರೂಪಾಯಿ. ಊರ ದೇವಸ್ಥಾನದ ಹುಂಡಿಗಲ್ಲದೆ ಬೇರೆಲ್ಲಿಗೂ ನಾನು ದೇಣಿಗೆ ಕೊಟ್ಟವಳಲ್ಲ.

ಇದು ಹೇಗಾಯಿತೆಂದು ಹೇಳಲು 2024ರ ಜುಲೈಗೆ ಹೋಗಬೇಕು. ನಾನು ದಕ್ಷಿಣ ಕೊಡಗಿನ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಶಿಕ್ಷಕಿ. ತವರಿನಿಂದ ನನ್ನ ಹೆಸರಿಗೆ ಬಂದ ಎರಡೂವರೆ ಏಕರೆ ರೋಬಸ್ಟಾ ಕಾಫಿ ತೋಟವಿದೆ. ಅದನ್ನು ನೋಡಿಕೊಳ್ಳುವವರು ನನ್ನ ಪತಿ. ಜುಲೈ 31 ಕೊನೆಯ ದಿನ. ನಮ್ಮಲ್ಲಿ ಜುಲೈ ಎಂದರೆ ಎಡೆಬಿಡದ ಮಳೆ, ದಿನಗಟ್ಟಲೆ ಇಲ್ಲದ ಕರೆಂಟು, ಗೇಟಿನ ಬಳಿ ನಿಂತರೆ ಮಾತ್ರ ಸಿಗುವ ನೆಟ್‌ವರ್ಕ್. ಸಹೋದ್ಯೋಗಿಗಳು ಹೇಳಿದರೆಂದು, ಪೇಟೆಯಲ್ಲಿ ರಿಟರ್ನ್ ತುಂಬಿಕೊಡುವ ಒಂದು ಕಚೇರಿಗೆ ಫಾರ್ಮ್ 16 (ಸಂಬಳ ಮತ್ತು ಅದರಿಂದ ಮುರಿದ ತೆರಿಗೆಗೆ ಶಾಲೆ ಕೊಡುವ ಪ್ರಮಾಣಪತ್ರ), ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ಹೋದೆ. ಅಲ್ಲಿದ್ದ ಹುಡುಗ ಬಹಳ ಮರ್ಯಾದೆಯಿಂದ ಮಾತನಾಡಿದ. ತೋಟದ ಆದಾಯದ ಲೆಕ್ಕವನ್ನೂ ನಾನು ಬರೆದುಕೊಂಡು ಹೋಗಿದ್ದೆ: ಕೂಲಿ, ಗೊಬ್ಬರ, ಸ್ಪ್ರಿಂಕ್ಲರಿನ ಡೀಸೆಲ್ ಎಲ್ಲ ಕಳೆದು 2,20,000 ರೂಪಾಯಿ. ಅವನು ಆ ಚೀಟಿಯನ್ನು ನನಗೇ ಹಿಂದಿರುಗಿಸಿದ. "ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ ಟೀಚರ್, ಇದನ್ನು ಯಾಕೆ ಹಾಕುವುದು?"

ಆ ಮಾತು ಅರ್ಧ ಸತ್ಯ. ನಮ್ಮ ಜಿಲ್ಲೆಯಲ್ಲಿ ಸಂಬಳವೂ ತೋಟವೂ ಇರುವ ಮನೆಗಳು ಅನೇಕ ಇರುವುದರಿಂದ ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಬೆಳೆದ ಕಾಫಿಯನ್ನು ಕಣದಲ್ಲಿ ಒಣಗಿಸಿ ಚೆರಿಯಾಗಿಯೇ, ಅಂದರೆ ಸಿಪ್ಪೆಸಹಿತ ಹಣ್ಣಾಗಿಯೇ, ವ್ಯಾಪಾರಿಗೆ ಮಾರುವವರಿಗೆ ಆ ಹಣ ಪೂರ್ತಿ ಕೃಷಿ ಆದಾಯ, ಅದಕ್ಕೆ ನೇರ ತೆರಿಗೆ ಇಲ್ಲ. ತಾವೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಬೇರ್ಪಡಿಸುವುದು) ಮಾಡಿಸಿ ಮಾರಿದರೆ ಲಾಭದ ಶೇ. 25 ಭಾಗವನ್ನೂ, ಹುರಿದು ಪುಡಿಮಾಡಿ ಮಾರಿದರೆ ಶೇ. 40 ಭಾಗವನ್ನೂ ವ್ಯಾಪಾರದ ಆದಾಯವೆಂದು ಪರಿಗಣಿಸುತ್ತಾರೆ. ನಾವು ಚೆರಿ ಮಾರುವವರು. ಆದರೂ ಕೃಷಿ ಆದಾಯ 5,000 ರೂಪಾಯಿ ಮೀರಿದರೆ ಸಹಜ್ ಎಂಬ ಐಟಿಆರ್-1 ನಮೂನೆಯನ್ನು ಬಳಸುವಂತಿಲ್ಲ. ನನ್ನಂಥವರು ಐಟಿಆರ್-2 ತುಂಬಬೇಕು. ಮಾತ್ರವಲ್ಲ, ಸಂಬಳಕ್ಕೆ ಯಾವ ದರದಲ್ಲಿ ತೆರಿಗೆ ಬೀಳಬೇಕೆಂದು ನಿರ್ಧರಿಸಲು ಕೃಷಿ ಆದಾಯವನ್ನು ಅದಕ್ಕೆ ಕೂಡಿಸಿ ಲೆಕ್ಕ ಹಾಕುತ್ತಾರೆ. ನನ್ನ ಸಂಬಳ ಆ ವರ್ಷ 9,60,000. ದರವೂ ವಿನಾಯಿತಿಗಳೂ ಕಡಿಮೆ ಇರುವ ಹೊಸ ತೆರಿಗೆ ಪದ್ಧತಿಯಲ್ಲಿ ಶಾಲೆಯವರು ಸಂಬಳದಿಂದಲೇ ಮುರಿದುಕೊಂಡ ತೆರಿಗೆ (ಟಿಡಿಎಸ್) 48,360 ರೂಪಾಯಿ. ತೋಟದ 2,20,000 ಸೇರಿಸಿ ಲೆಕ್ಕ ಹಾಕಿದಾಗ ಕಟ್ಟಬೇಕಾಗಿದ್ದದ್ದು 71,240. ಅಂದರೆ ಕಾಫಿಗೆ ತೆರಿಗೆ ಇಲ್ಲ ಎಂಬುದು ನಿಜವಾದರೂ, ಆ ಕಾಫಿಯಿಂದಾಗಿ ಸಂಬಳದ ಮೇಲಿನ ತೆರಿಗೆ 22,880 ರೂಪಾಯಿ ಏರುತ್ತಿತ್ತು. ಇದನ್ನು ನನಗೆ ಹೇಳಬೇಕಾಗಿದ್ದವನು ಆ ಹುಡುಗ, ಹೇಳಿದವರು ಒಂದು ವರ್ಷದ ನಂತರ ಮಡಿಕೇರಿಯ ಒಬ್ಬ ಲೆಕ್ಕಪರಿಶೋಧಕರು.

ಅವನು ಮಾಡಿದ್ದು ಬೇರೆ. ನನ್ನನ್ನು ಕೇಳದೆ ಹಳೆಯ ಪದ್ಧತಿಯನ್ನು ಆರಿಸಿದ, ಏಕೆಂದರೆ ಈ ವಿನಾಯಿತಿಗಳೆಲ್ಲ ಸಿಗುವುದು ಅದರಲ್ಲಿ ಮಾತ್ರ. 80ಸಿ ಅಡಿಯಲ್ಲಿ ಗರಿಷ್ಠ ಮಿತಿಯಾದ 1,50,000 ರೂಪಾಯಿಯನ್ನು ಭರ್ತಿ ಮಾಡಿದ. ಜೀವವಿಮೆ, ಭವಿಷ್ಯನಿಧಿ ಮತ್ತು ಮಗಳ ಬೋಧನಾ ಶುಲ್ಕ ಸೇರಿ ನಿಜಕ್ಕೂ ಇದ್ದದ್ದು ಸುಮಾರು 90,000. ಅವಳ ಪಿಯುಸಿ ಕಾಲೇಜಿನ ಹಾಸ್ಟೆಲ್ ಮತ್ತು ಬಸ್ಸಿನ ಹಣವನ್ನೂ ಅವನು ಬೋಧನಾ ಶುಲ್ಕವೆಂದೇ ಸೇರಿಸಿದ್ದ. ಆ ಕಲಮು ಒಪ್ಪುವುದು ಬೋಧನಾ ಶುಲ್ಕವನ್ನು ಮಾತ್ರ ಎಂಬುದನ್ನು ಮಕ್ಕಳನ್ನು ಓದಿಸುವ ತಂದೆತಾಯಂದಿರು ಗಮನಿಸಬೇಕು. ಅದರ ಮೇಲೆ ಇಲ್ಲದ ಸಾಲದ ಬಡ್ಡಿ, ಕೊಡದ ದೇಣಿಗೆ. ಎಲ್ಲ ಕಳೆದಾಗ ಒಟ್ಟು ಆದಾಯ 4,99,600ಕ್ಕೆ ಇಳಿದಿತ್ತು. ಐದು ಲಕ್ಷಕ್ಕೆ ಬರೀ ನಾನೂರು ರೂಪಾಯಿ ಕಡಿಮೆ! ಹಳೆಯ ಪದ್ಧತಿಯಲ್ಲಿ ಐದು ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಪೂರ್ತಿ ಮನ್ನಾ ಆಗುತ್ತದೆ. ಬೇಕಾದ ಉತ್ತರವನ್ನು ಮೊದಲೇ ಇಟ್ಟುಕೊಂಡು ಲೆಕ್ಕವನ್ನು ಹಿಂದಿನಿಂದ ಬರೆಯುವ ವಿದ್ಯಾರ್ಥಿಗಳನ್ನು ನಾನು ಇಪ್ಪತ್ತು ವರ್ಷಗಳಿಂದ ನೋಡಿದ್ದೇನೆ. ಇಲ್ಲಿ ಮಾತ್ರ ಗುರುತಿಸಲಿಲ್ಲ.

ನನ್ನ ತಪ್ಪನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎರಡು ದಿನ ಬಿಟ್ಟು, ನಾನು ತರಗತಿಯಲ್ಲಿದ್ದಾಗ ಅವನ ಕರೆ ಬಂತು. "ಟೀಚರ್, ಒಂದು ಒಟಿಪಿ ಬಂದಿದೆಯಾ ನೋಡಿ." ಬಂದಿತ್ತು, ಹೇಳಿದೆ. ಆ ಆರು ಅಂಕಿಗಳೇ ರಿಟರ್ನಿಗೆ ನನ್ನ ಸಹಿ. ಇದರಲ್ಲಿರುವುದೆಲ್ಲ ನನಗೆ ತಿಳಿದಂತೆ ಸತ್ಯವೆಂದು ನಾನು ಮಾಡಿದ ಘೋಷಣೆ ಅದು. ಸಂಜೆ ವಾಟ್ಸಾಪಿನಲ್ಲಿ ಒಂದು ಪುಟದ ಸ್ವೀಕೃತಿ ಬಂತು. ಅದರಲ್ಲಿ ಒಟ್ಟು ಆದಾಯ, ತೆರಿಗೆ, ರೀಫಂಡ್ ಮೊತ್ತ ಇರುತ್ತವೆಯೇ ಹೊರತು ಯಾವ ವಿನಾಯಿತಿ ಯಾವುದರಿಂದ ಬಂತೆಂಬ ವಿವರ ಇರುವುದಿಲ್ಲ. ಸೆಪ್ಟೆಂಬರಿನಲ್ಲಿ 48,360 ರೂಪಾಯಿ, ಕಟ್ಟಿದ್ದಷ್ಟೂ, ಖಾತೆಗೆ ಮರಳಿ ಬಂತು. ಆ ಕಚೇರಿಗೆ 5,000 ರೂಪಾಯಿ ಕೊಟ್ಟೆವು. ತೆರಿಗೆಯೆಲ್ಲ ಹಿಂದೆ ಬಂದದ್ದು ಹೇಗೆ ಎಂದು ನಾನು ಕೇಳಲಿಲ್ಲ. ಮನೆಗೆ ಹಣ ಬರುವಾಗ ಪ್ರಶ್ನೆ ಹುಟ್ಟುವುದು ಕಡಿಮೆ.

ಬ್ಯಾಂಕಿನಿಂದ ಬಂದ ರಾತ್ರಿ ಮಗಳು ಜಾಲತಾಣದಲ್ಲಿ ನನ್ನ ಪ್ರೊಫೈಲ್ ತೆರೆದು, "ಅಮ್ಮ, ಇದು ಯಾರ ನಂಬರ್?" ಎಂದಳು. ಮೊಬೈಲ್ ಸಂಖ್ಯೆ ನನ್ನದಲ್ಲ. ಇಮೇಲ್ ವಿಳಾಸವೂ ನನ್ನದಲ್ಲ. ನನ್ನ ಹೆಸರಿನ ಮೊದಲ ಮೂರು ಅಕ್ಷರಗಳ ಮುಂದೆ ಕೆಲವು ಅಂಕಿಗಳನ್ನು ಸೇರಿಸಿ ಮಾಡಿದ ಒಂದು ವಿಳಾಸ. ರಿಟರ್ನ್ ಸಂಸ್ಕರಣೆಯಾದ ನಂತರ 143(1) ಕಲಮಿನ ಅಡಿಯಲ್ಲಿ ಬೆಂಗಳೂರಿನ ಸಿಪಿಸಿ (ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ) ಕಳಿಸುವ ಸೂಚನಾಪತ್ರ ಹೋಗಿದ್ದು ಅಲ್ಲಿಗೆ. ಇಲಾಖೆ ಮುಂದೆ ಏನೇ ಕೇಳಿದ್ದರೂ ಅದು ಹೋಗಿ ಬೀಳುತ್ತಿದ್ದುದೂ ಅಲ್ಲಿಗೇ. ಇಡೀ ಪ್ರಸಂಗದಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸಿದ್ದು ಸುಳ್ಳು ಲೆಕ್ಕಕ್ಕಿಂತ ಹೆಚ್ಚಾಗಿ ಇದು: ನನ್ನ ಹೆಸರಿಗೆ ಬರುವ ನೋಟಿಸನ್ನು ಓದದೆ ಬಿಡುವ ಅಧಿಕಾರ ಬೇರೊಬ್ಬನ ಕೈಯಲ್ಲಿತ್ತು.

ಇದು ನಮ್ಮ ಪೇಟೆಯೊಂದರ ಕಥೆಯಲ್ಲ. 2025ರ ಜುಲೈ 14ರಂದು ಆದಾಯ ತೆರಿಗೆ ಇಲಾಖೆ ಇಂಥ ಸುಳ್ಳು ವಿನಾಯಿತಿಗಳ ವಿರುದ್ಧ ದೇಶದ 150 ಸ್ಥಳಗಳಲ್ಲಿ ಪರಿಶೀಲನೆ ನಡೆಸಿತ್ತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ತಾವಾಗಿಯೇ ರಿಟರ್ನ್ ತಿದ್ದಿ 1,045 ಕೋಟಿ ರೂಪಾಯಿಯಷ್ಟು ಸುಳ್ಳು ಬೇಡಿಕೆಗಳನ್ನು ಹಿಂತೆಗೆದುಕೊಂಡಿದ್ದಾರೆಂದೂ, ಮಧ್ಯವರ್ತಿಗಳು ತಾತ್ಕಾಲಿಕ ಇಮೇಲ್‌ಗಳನ್ನು ಸೃಷ್ಟಿಸಿ ರಾಶಿ ರಾಶಿ ರಿಟರ್ನ್ ಸಲ್ಲಿಸಿ ನಂತರ ಆ ವಿಳಾಸಗಳನ್ನು ಕೈಬಿಡುತ್ತಾರೆಂದೂ ಆಗಲೇ ಪ್ರಕಟಣೆ ಬಂದಿತ್ತು. ಶಾಲೆಯ ವಾಚನಾಲಯದಲ್ಲಿ ಆ ಸುದ್ದಿಯನ್ನು ಓದಿ, ಎಂಥೆಂಥ ಜನ ಇರುತ್ತಾರಪ್ಪ ಎಂದುಕೊಂಡು ಪುಟ ತಿರುಗಿಸಿದವಳು ನಾನು.

ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲೆ ಆ ಕಚೇರಿಗೆ ಹೋದೆವು. ಹುಡುಗ ಗುರುತು ಹಿಡಿದು ಕುರ್ಚಿ ಹಾಕಿದ. ನನ್ನ ಪತಿ ರಿಟರ್ನಿನ ಪ್ರತಿಯನ್ನು ಮೇಜಿನ ಮೇಲಿಟ್ಟು ವಿವರ ಕೇಳಿದಾಗ ಅವನ ದನಿ ಸ್ವಲ್ಪವೂ ಬದಲಾಗಲಿಲ್ಲ. "ಎಲ್ಲರಿಗೂ ಹೀಗೇ ಮಾಡುವುದು ಸರ್. ಒಟಿಪಿ ಕೊಟ್ಟದ್ದು ಟೀಚರೇ ಅಲ್ವಾ?" ಅವರಿಂದ ನಮಗೆ ಬಂದಿದ್ದದ್ದು ಸ್ವೀಕೃತಿಯ ಪ್ರತಿ ಮಾತ್ರ; 5,000 ರೂಪಾಯಿಗೆ ರಶೀದಿ ಇಲ್ಲ, ಅವರ ಹೆಸರೋ ಮೊಹರೋ ಇರುವ ಒಂದು ಕಾಗದವೂ ಇಲ್ಲ. ದೂರು ಕೊಡಲು ಕುಳಿತರೆ ಯಾರ ಮೇಲೆ, ಯಾವ ಆಧಾರದಿಂದ ಎಂಬುದೇ ತೋಚಲಿಲ್ಲ.

ತಿದ್ದುಪಡಿಗೆ ಸುಲಭದ ದಾರಿ ಮುಚ್ಚಿಹೋಗಿತ್ತು. ಆ ವರ್ಷದ ಪರಿಷ್ಕೃತ ರಿಟರ್ನನ್ನು 2025ರ ಜನವರಿ 15ರೊಳಗೆ ಸಲ್ಲಿಸಬೇಕಾಗಿತ್ತು. ಉಳಿದದ್ದು ಐಟಿಆರ್-ಯು ಎಂಬ ನವೀಕೃತ ರಿಟರ್ನ್. ಮಡಿಕೇರಿಯ ಲೆಕ್ಕಪರಿಶೋಧಕರು ಎರಡು ಸಂಜೆ ಕುಳಿತು ಅದನ್ನು ಸಿದ್ಧಮಾಡಿದರು. ಬಂದ ರೀಫಂಡನ್ನು ಮರಳಿಸಬೇಕು, ತೋಟದ ಕಾರಣದಿಂದ ಏರಿದ ತೆರಿಗೆ ಕಟ್ಟಬೇಕು, ಅದರ ಮೇಲೆ ಬಡ್ಡಿ, ತೆರಿಗೆ ಬಡ್ಡಿಗಳ ಒಟ್ಟು ಮೊತ್ತದ ಮೇಲೆ ಶೇ. 25 ಹೆಚ್ಚುವರಿ. ಎಲ್ಲ ಸೇರಿ ಒಂದು ಲಕ್ಷಕ್ಕೆ ಸ್ವಲ್ಪವೇ ಕಡಿಮೆ. ನಾವಾಗಿ ತಿದ್ದದೆ ಇಲಾಖೆಯೇ ಹಿಡಿದಿದ್ದರೆ, ಸುಳ್ಳು ಮಾಹಿತಿಗೆ ತೆರಿಗೆಯ ಶೇ. 200ರಷ್ಟು ದಂಡ ಬೀಳಬಹುದಿತ್ತೆಂದು ಅವರು ಹೇಳಿದ್ದು ಆಗ ನಮಗೆ ಸಮಾಧಾನದಂತೆಯೇ ಕೇಳಿಸಿತು. ಅಷ್ಟರಲ್ಲಿ ಕಾಲೇಜಿನ ಶುಲ್ಕದ ದಿನ ಬಂದಿದ್ದರಿಂದ ನನ್ನ ಬಳೆಗಳನ್ನು ಅಡವಿಟ್ಟು ಮೊದಲ ವರ್ಷದ ಹಣ ಕಟ್ಟಿದೆವು. ಅಕ್ಟೋಬರಿನಲ್ಲಿ ನವೀಕೃತ ರಿಟರ್ನ್ ಸಲ್ಲಿಕೆಯಾಯಿತು, ನವೆಂಬರಿನಲ್ಲಿ ಸಾಲ ಮಂಜೂರಾಯಿತು. ಬಳೆಗಳನ್ನು ಇನ್ನೂ ಬಿಡಿಸಿಕೊಂಡಿಲ್ಲ.

ಬೇರೆಯವರಿಂದ ರಿಟರ್ನ್ ತುಂಬಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಈಗಲೂ ನಾನು ತುಂಬಿಸುವುದು ಬೇರೆಯವರಿಂದಲೇ. ಆದರೆ ಪೂರ್ಣ ನಮೂನೆಯ ಪ್ರತಿಯನ್ನು ಸಾಲು ಸಾಲಾಗಿ ಓದಿದ ನಂತರವೇ ಒಟಿಪಿ ಹೇಳುತ್ತೇನೆ. ಶುಲ್ಕವನ್ನು ರೀಫಂಡಿನ ಪಾಲಾಗಿ ಕೇಳುವವರ ಬಾಗಿಲಿಗೆ ಹೋಗುವುದಿಲ್ಲ. ನೀವು ಹೀಗೆ ಯಾರಿಂದಲೋ ತುಂಬಿಸಿದ್ದರೆ ಇವತ್ತೇ ಜಾಲತಾಣಕ್ಕೆ ಹೋಗಿ, ಪ್ರೊಫೈಲಿನಲ್ಲಿರುವ ಫೋನೂ ಇಮೇಲೂ ನಿಮ್ಮವೇ ಎಂದು ನೋಡಿ, ಸಲ್ಲಿಸಿದ ರಿಟರ್ನಿನ ಪೂರ್ಣ ಪ್ರತಿಯನ್ನು ಇಳಿಸಿಕೊಂಡು ಓದಿ. 2023-24ರ ಆದಾಯದ ರಿಟರ್ನನ್ನು ಶೇ. 25ರ ಹೆಚ್ಚುವರಿಯೊಂದಿಗೆ ತಿದ್ದಿಕೊಳ್ಳಲು 2026ರ ಮಾರ್ಚ್ 31 ಕೊನೆಯ ದಿನ. ಅದು ದಾಟಿದರೆ ಹೆಚ್ಚುವರಿ ಶೇ. 50 ಆಗುತ್ತದೆ.

ನಮ್ಮ ಶಾಲೆಯಿಂದಲೇ ಇನ್ನೂ ಮೂವರು ಅದೇ ಕಚೇರಿಗೆ ಹೋಗಿದ್ದರು. ಇಬ್ಬರ ಖಾತೆಗಳನ್ನು ಮಧ್ಯಾಹ್ನದ ಬಿಡುವಿನಲ್ಲಿ ತೆರೆದು ನೋಡಿದ್ದೇವೆ. ಎರಡರಲ್ಲೂ ಇದ್ದದ್ದು ನನ್ನ ಪ್ರೊಫೈಲಿನಲ್ಲಿದ್ದ ಅದೇ ಮೊಬೈಲ್ ಸಂಖ್ಯೆ. ಮೂರನೆಯವರು ಕಳೆದ ಮೇ ತಿಂಗಳಲ್ಲಿ ನಿವೃತ್ತರಾಗಿ ಮಗನ ಮನೆಗೆ ಹೋಗಿದ್ದಾರೆ. ಅವರ ಫೋನಿಗೆ ಎರಡು ಸಲ ಕರೆ ಮಾಡಿದ್ದೇನೆ, ಇನ್ನೂ ಸಿಕ್ಕಿಲ್ಲ.